ಡಬ್ಬಿಯ ಮೇಲಿನ 65 ಎಲ್ಲಿಂದ ಬಂತು?

ಅಮೆರಿಕದ ಹಳೆ ಬೆಳ್ಳಿ ಡಾಲರ್‌ಗಾಗಿ ಆನ್‌ಲೈನ್‌ನಲ್ಲಿ ಹುಡುಕಿದರೆ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲಾದ ನಾಣ್ಯಗಳು ಸಾಲಾಗಿ ಬರುತ್ತವೆ. ಡಬ್ಬಿಯ ಮೇಲೊಂದು ಚೀಟಿ: ಎಂಎಸ್ 65. ಎಂಎಸ್ ಅಂದರೆ ಚಲಾವಣೆಯಲ್ಲಿ ಸವೆಯದ ನಾಣ್ಯ. 65 ಅಂದರೆ 70ಕ್ಕೆ 65. ಸಂಗ್ರಾಹಕರು ಈ ಡಬ್ಬಿಯನ್ನು ಸ್ಲ್ಯಾಬ್ ಅನ್ನುತ್ತಾರೆ. ಒಂದೇ ಇಸವಿಯ, ಒಂದೇ ಟಂಕಸಾಲೆಯ ನಾಣ್ಯಕ್ಕೆ 64ರಲ್ಲಿ ಒಂದು ಬೆಲೆ, 67ರಲ್ಲಿ ಅದರ ಹಲವು ಪಟ್ಟು. ಸರಿ, ನೂರಕ್ಕೆ ಕೊಡದೆ 70ಕ್ಕೆ ಯಾಕೆ ಅಂಕ ಕೊಟ್ಟರು?

ವಿಲಿಯಂ ಶೆಲ್ಡನ್ ಅಂತ ಒಬ್ಬ ಮನಶ್ಶಾಸ್ತ್ರಜ್ಞರಿದ್ದರು. ಮೈಕಟ್ಟು ನೋಡಿ ಸ್ವಭಾವ ಹೇಳಬಹುದು ಎಂದು ವಾದಿಸಿ ಹೆಸರಾದವರು. ಅಮೆರಿಕದ ಹಳೆ ತಾಮ್ರದ ಸೆಂಟ್‌ಗಳೆಂದರೆ ಅವರಿಗೆ ಹುಚ್ಚು. 1949ರಲ್ಲಿ ಅವರೊಂದು ಲೆಕ್ಕ ಕಟ್ಟಿದರು. 1794ರ ಸೆಂಟ್ ಗುರುತು ಮಾತ್ರ ಸಿಗುವಷ್ಟು ಸವೆದಿದ್ದರೆ ಅದಕ್ಕೆ 1 ಡಾಲರ್, ಅತ್ಯುತ್ತಮ ಸ್ಥಿತಿಯಲ್ಲಿದ್ದರೆ 70 ಡಾಲರ್. ಉಳಿದವೆಲ್ಲ ನಡುವೆ. ಅಂದರೆ ಆಗ ಅಂಕವೇ ಬೆಲೆಯಾಗಿತ್ತು. ಕೆಲವೇ ವರ್ಷಗಳಲ್ಲಿ ಮಾರುಕಟ್ಟೆ ಬದಲಾಗಿ ಆ ಲೆಕ್ಕ ಕೆಟ್ಟಿತು. ಅಂಕ ಮಾತ್ರ ಉಳಿದುಕೊಂಡಿತು, ತಾಮ್ರ ಬಿಟ್ಟು ಬೆಳ್ಳಿ, ಬಂಗಾರಕ್ಕೂ ಹಬ್ಬಿತು.

ಶೆಲ್ಡನ್ ಕತೆಗೆ ಇನ್ನೊಂದು ಮುಖವೂ ಇದೆ. ನ್ಯೂಯಾರ್ಕಿನಲ್ಲಿ ನಾಣ್ಯ ಅಧ್ಯಯನಕ್ಕೆಂದೇ ಇರುವ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಲ್ಲಿದ್ದ ಒಳ್ಳೆ ಸೆಂಟ್‌ಗಳನ್ನು ಎತ್ತಿಕೊಂಡು, ಆ ಜಾಗದಲ್ಲಿ ಕಡಿಮೆ ದರ್ಜೆಯವನ್ನು ಅವರು ಇಟ್ಟಿದ್ದರು ಎಂಬುದು ಅವರು ತೀರಿಕೊಂಡ ಮೇಲೆ ಹೊರಬಿತ್ತು. ದರ್ಜೆಯ ವ್ಯತ್ಯಾಸ ಅವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿತ್ತು, ಅಲ್ವಾ?

ಅಂಕ ಬಂದರೂ ಜಗಳ ನಿಲ್ಲಲಿಲ್ಲ. ಕೊಳ್ಳುವಾಗ 63 ಅಂದ ಡೀಲರ್ ಮಾರುವಾಗ ಅದನ್ನೇ 65 ಅನ್ನುತ್ತಿದ್ದ. ಖೋಟಾ ನಾಣ್ಯಗಳ ಕಾಟ ಬೇರೆ. ನಾಣ್ಯ ಸಂಗ್ರಾಹಕರ ಸಂಘವಾದ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಅಸೋಸಿಯೇಷನ್ 1972ರಲ್ಲಿ ಅಸಲಿಯೋ ನಕಲಿಯೋ ಎಂದು ಹೇಳುವ ಸೇವೆ ಶುರು ಮಾಡಿತು. 1979ರಿಂದ ದರ್ಜೆಯನ್ನೂ ಹೇಳತೊಡಗಿತು. ಆದರೆ ಅದು ಕೊಡುತ್ತಿದ್ದದ್ದು ಫೋಟೊ ಇರುವ ಪ್ರಮಾಣಪತ್ರ. ಕಾಗದ ಒಂದು ಕಡೆ, ನಾಣ್ಯ ಇನ್ನೊಂದು ಕಡೆ.

1986ರಲ್ಲಿ ಬಾಗಿಲು ತೆರೆದ ಪಿಸಿಜಿಎಸ್ ಎಂಬ ದರ್ಜೆ ಕೊಡುವ ಕಂಪನಿ ಇವೆರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ಮುಚ್ಚಿತು. ಮರುವರ್ಷ ಅಂಥದ್ದೇ ಇನ್ನೊಂದು ಕಂಪನಿ ಎನ್‌ಜಿಸಿ ಬಂತು. ನಾಣ್ಯವನ್ನು ಕಣ್ಣಲ್ಲಿ ನೋಡದೆ ಬರೀ ಚೀಟಿ ನಂಬಿ ಕೊಳ್ಳುವ ವ್ಯಾಪಾರ ಶುರುವಾದದ್ದೇ ಆಗ. ಇಂಟರ್‌ನೆಟ್ ಮನೆಮನೆಗೆ ಬರುವ ಮೊದಲೇ ಆನ್‌ಲೈನ್ ಖರೀದಿಯ ಬುನಾದಿ ಬಿದ್ದಿತ್ತು ಅನ್ನಬಹುದು. ನಾಣ್ಯ ಷೇರಿನ ಹಾಗೆ ಕೈ ಬದಲಾಗಬಹುದು ಎಂದು ವಾಲ್ ಸ್ಟ್ರೀಟಿನ ದುಡ್ಡೂ ಹರಿದು ಬಂತು. 1989ರಲ್ಲಿ ಬೆಲೆ ತುದಿ ಮುಟ್ಟಿತು. ಆಮೇಲೆ ದಬಕ್ಕನೆ ಬಿತ್ತು.

ಯಾಕೆ ಬಿತ್ತು? ದುಡ್ಡು ಹಿಂದೆ ಸರಿದದ್ದು ಒಂದು ಕಾರಣ. ಇನ್ನೊಂದು ಕಾರಣ ಡಬ್ಬಿಯೊಳಗೇ ಇತ್ತು. ಅಪರೂಪ ಅಂದುಕೊಂಡಿದ್ದ ದರ್ಜೆಯ ನಾಣ್ಯಗಳು ದಿನದಿನಕ್ಕೂ ಜಾಸ್ತಿಯಾಗುತ್ತಿದ್ದವು. ಇವತ್ತಿಗೂ ಬೆಲೆ ಅಳೆಯುವವರು ಎಡವುವುದು ಇಲ್ಲೇ ಜಾಸ್ತಿ ಎಂದು ನನ್ನ ಅನಿಸಿಕೆ. ಅಂಕ ಹೇಳುವುದು ನಾಣ್ಯದ ಸ್ಥಿತಿಯನ್ನು. ಅಂಥವು ಎಷ್ಟಿವೆ, ಎಷ್ಟು ಜನಕ್ಕೆ ಬೇಕು ಎಂಬುದನ್ನು ಅದು ಹೇಳುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ 1881ರ ಮಾರ್ಗನ್ ಎಂಬ ಬೆಳ್ಳಿ ಡಾಲರ್ 65ರ ದರ್ಜೆಯಲ್ಲೂ ಧಾರಾಳವಾಗಿ ಸಿಗುತ್ತದೆ. ಅದೇ ಟಂಕಸಾಲೆಯ 1893ರ ಡಾಲರ್ ಸವೆದು ಹೋಗಿದ್ದರೂ ದುಬಾರಿ. ಯಾವ ದರ್ಜೆಯಲ್ಲಿ ಎಷ್ಟು ನಾಣ್ಯ ಬಂದಿವೆ ಎಂಬ ಪಟ್ಟಿಯನ್ನು ಎರಡೂ ಕಂಪನಿಗಳು ಪ್ರಕಟಿಸುತ್ತವೆ. ಆದರೆ ಅದನ್ನೂ ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಡಬ್ಬಿ ಒಡೆದು, ಒಂದಂಕ ಹೆಚ್ಚು ಸಿಗಲಿ ಎಂದು ಅದೇ ನಾಣ್ಯವನ್ನು ಮತ್ತೆ ಮತ್ತೆ ಕಳಿಸುವವರಿದ್ದಾರೆ. ಆಗ ಒಂದೇ ನಾಣ್ಯ ಪಟ್ಟಿಯಲ್ಲಿ ಎರಡು ಮೂರಾಗುತ್ತದೆ.

ವರ್ಷ ಕಳೆದಂತೆ ದರ್ಜೆ ಕೊಡುವ ಕೈ ಸಡಿಲವಾಯಿತು ಎಂಬ ದೂರೂ ಬಂತು. ಎನ್‌ಜಿಸಿ ಕಟ್ಟಿದವರಲ್ಲಿ ಒಬ್ಬರಾದ ಜಾನ್ ಆಲ್ಬನೀಸ್ ಅವರೇ 2007ರಲ್ಲಿ ಸಿಎಸಿ ಎಂಬ ಕಂಪನಿ ಶುರು ಮಾಡಿದರು. ಬೇರೆಯವರ ಸ್ಲ್ಯಾಬ್ ನೋಡಿ, ಆ ಅಂಕಕ್ಕೆ ತಕ್ಕ ನಾಣ್ಯ ಅನ್ನಿಸಿದರೆ ಹಸಿರು ಸ್ಟಿಕ್ಕರ್ ಅಂಟಿಸುವುದು ಅದರ ಕೆಲಸ. ತೀರ್ಪಿನ ಮೇಲೆ ಇನ್ನೊಂದು ತೀರ್ಪು! ಆ ಸ್ಟಿಕ್ಕರ್‌ಗೂ ಈಗ ಬೆಲೆ ಇದೆ.

ಹೊಸ ನಾಣ್ಯಗಳಲ್ಲಿ ಚೀಟಿಯ ಆಟ ಇನ್ನೂ ಜೋರು. 31 ಗ್ರಾಂ ಬೆಳ್ಳಿಯ ಅಮೆರಿಕನ್ ಈಗಲ್ ನಾಣ್ಯದ ಚೀಟಿಯಲ್ಲಿ 'ಫಸ್ಟ್ ಸ್ಟ್ರೈಕ್' ಎಂದಿದ್ದರೆ ಅಚ್ಚಿನಿಂದ ಮೊದಲು ಬಿದ್ದ ನಾಣ್ಯ ಎಂದುಕೊಳ್ಳಬೇಡಿ. ಬಿಡುಗಡೆಯಾದ ಮೊದಲ 30 ದಿನದೊಳಗೆ ಕಂಪನಿಗೆ ತಲುಪಿದೆ ಅಂತಷ್ಟೇ. 69, 70 ಅಂಕದ ಈಗಲ್‌ಗಳು ರಾಶಿರಾಶಿ ಇವೆ.

ಈಗ ಸ್ಲ್ಯಾಬ್‌ಗಳನ್ನೇ ನಕಲು ಮಾಡುತ್ತಾರೆ. ಚೀಟಿಯ ಮೇಲಿನ ಪ್ರಮಾಣ ಸಂಖ್ಯೆಯನ್ನು ಕಂಪನಿಯ ತಾಣದಲ್ಲಿ ಹಾಕಿ ನೋಡಬಹುದು. ಆದರೆ ಅಸಲಿ ಸಂಖ್ಯೆಯನ್ನೇ ನಕಲಿ ಡಬ್ಬಿಗೆ ಅಂಟಿಸಿರುತ್ತಾರೆ. ಅಲ್ಲಿ ಫೋಟೊ ಇದ್ದರೆ ಗೀರು, ಕಲೆಗಳನ್ನು ಒಂದೊಂದಾಗಿ ಹೋಲಿಸಿ. ಬೆಲೆಗೆ ಮಾರುವವರು ಕೇಳಿದ್ದನ್ನು ನೋಡಬೇಡಿ. ಅದೇ ಇಸವಿ, ಅದೇ ದರ್ಜೆಯ ನಾಣ್ಯ ಇತ್ತೀಚಿನ ಹರಾಜಿನಲ್ಲಿ ನಿಜಕ್ಕೂ ಎಷ್ಟಕ್ಕೆ ಹೋಯಿತು ಎಂದು ನೋಡಿ.

ನಮ್ಮಲ್ಲಿ ಇನ್ನೊಂದು ತೊಡಕಿದೆ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ದರ್ಜೆ ಹಾಕಿಸಲೆಂದು ಸುಮ್ನೆ ಪಾರ್ಸೆಲ್ ಮಾಡಿ ಅಮೆರಿಕಕ್ಕೆ ಕಳಿಸುವಂತಿಲ್ಲ. 1912ರ ಐದನೇ ಜಾರ್ಜ್ ರೂಪಾಯಿಗೂ ಇದು ಅನ್ವಯಿಸುತ್ತದೆ. ಅಂಥ ರೂಪಾಯಿ ಅಮೆರಿಕದ ಸ್ಲ್ಯಾಬ್‌ನಲ್ಲಿ ಮಾರಾಟಕ್ಕೆ ಬಂದರೆ, ಅದು ಎಲ್ಲಿ, ಯಾವಾಗ ಡಬ್ಬಿ ಸೇರಿತು ಎಂದು ಕೇಳಿಯೇ ದುಡ್ಡು ಕೊಡಿ.