ಹಸಿರು ನೀರಲ್ಲೂ ಹಸಿವು

ಕಳೆದ ಏಪ್ರಿಲಿನಲ್ಲಿ ಕಾಸರಗೋಡಿನ ಪೆರ್ಲದ ಹತ್ತಿರ ಅಡಿಕೆ ಕೃಷಿಕರೊಬ್ಬರು ನನ್ನನ್ನು ತಮ್ಮ ಮದಕದ, ಅಂದರೆ ಕೆರೆಯ, ದಂಡೆಗೆ ಕರೆದುಕೊಂಡು ಹೋದರು. ನೀರು ಕಡು ಹಸಿರು. "ನೋಡಿ ಮಾಷ್ಟ್ರೇ, ಇಷ್ಟು ಪಾಚಿ ಉಂಟು. ಆದರೂ ಕಾಟ್ಲಾ ದಪ್ಪ ಆಗುವುದಿಲ್ಲ. ಯಾಕೆ?"

ಕಾಟ್ಲಾ ಮೇಲ್ನೀರಿನ ಮೀನು. ಅದರ ಮುಖ್ಯ ಊಟ ಪ್ರಾಣಿಪ್ಲವಕ, ಅಂದರೆ ನೀರಲ್ಲಿ ತೇಲುವ ಸಣ್ಣ ಸಣ್ಣ ಪ್ರಾಣಿಗಳು. ಅವುಗಳಲ್ಲಿ ನೀರುಚಿಗಟ ಮುಖ್ಯ. ನೀರುಚಿಗಟ ಪಾಚಿ ತಿನ್ನಬೇಕು, ಮೀನು ಅದನ್ನು ತಿನ್ನಬೇಕು. ಬಲೆ ಎಳೆದು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ನೀರುಚಿಗಟ ಬೆರಳೆಣಿಕೆಯಷ್ಟೇ ಇದ್ದವು. ಬೆನ್ನ ಮೇಲಿನ ಚೀಲದಲ್ಲಿ ಮೊಟ್ಟೆ ಒಂದೋ ಎರಡೋ. ಹೊಟ್ಟೆ ತುಂಬಿದ್ದರೂ ಅವು ಹಸಿದಿದ್ದವು.

ಪಾಚಿ ಎಲ್ಲ ಒಂದೇ ಅಲ್ಲ. ಆ ಮದಕದಲ್ಲಿದ್ದದ್ದು ಹೆಚ್ಚಾಗಿ ಮೈಕ್ರೋಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿ. ಅದು ಗುಂಪುಗುಂಪಾಗಿ ಅಂಟಿಕೊಂಡು ದೊಡ್ಡ ಮುದ್ದೆಯಾಗುತ್ತದೆ, ನೀರುಚಿಗಟದ ಬಾಯಿಗೆ ಹಿಡಿಸುವುದಿಲ್ಲ. ಹೇಗೋ ತಿಂದರೂ ಅದರಲ್ಲಿ ಎರಡು ಮುಖ್ಯ ವಸ್ತುಗಳಿಲ್ಲ. ಒಂದು, ಇಪಿಎಯಂಥ ಉದ್ದ ಸರಪಳಿಯ ಕೊಬ್ಬಿನಾಮ್ಲ. ಮೀನೆಣ್ಣೆಯಲ್ಲಿ ಇರುತ್ತದಲ್ವಾ, ಅದೇ. ಇನ್ನೊಂದು ಸ್ಟೆರಾಲ್. ಕೊಲೆಸ್ಟ್ರಾಲ್ ಅದರದ್ದೇ ಒಂದು ಬಗೆ. ಅದೆಂದರೆ ನಮಗೆ ಹೆದರಿಕೆ. ನೀರುಚಿಗಟಕ್ಕೆ ಅದಿಲ್ಲದೆ ಬದುಕೇ ಇಲ್ಲ. ಪೊರೆ ಕಳಚುವ ಹಾರ್ಮೋನು ತಯಾರಾಗುವುದೇ ಅದರಿಂದ. ಆದರೆ ಅದನ್ನು ತನ್ನ ಮೈಯಲ್ಲೇ ಮೊದಲಿನಿಂದ ತಯಾರಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ. ಪಾಚಿಯಲ್ಲಿರುವ ಸ್ಟೆರಾಲ್ ತಿಂದೇ ಮಾಡಿಕೊಳ್ಳಬೇಕು.

ಡಯಾಟಮ್ ಮತ್ತು ಕ್ರಿಪ್ಟೊಮೊನಾಸ್ ಎಂಬ ಬೇರೆ ಪಾಚಿಗಳು ಈ ವಿಷಯದಲ್ಲಿ ಒಳ್ಳೆಯ ಊಟ. ಎರಡರಲ್ಲೂ ಇಪಿಎ ಧಾರಾಳ. ಹಸಿರು ಪಾಚಿ ನಡುವಿನದ್ದು. ಅದರಲ್ಲೂ ಕೆಲವು ಮೋಸ ಮಾಡುತ್ತವೆ. ಸ್ಫೀರೋಸಿಸ್ಟಿಸ್ ಎಂಬುದಕ್ಕೆ ಲೋಳೆಯ ಹೊದಿಕೆ ಇದೆ. ಅದು ನೀರುಚಿಗಟದ ಕರುಳಿನೊಳಗೆ ಹೋಗಿ ಜೀವಂತ ಹೊರಬರುತ್ತದೆ. ಒಳಗಿದ್ದಾಗ ಅಲ್ಲಿನ ಪೋಷಕಾಂಶವನ್ನು ತಾನೇ ಹೀರಿಕೊಂಡು ಬೆಳೆಯುತ್ತದೆ! ಅಮೆರಿಕದ ಕ್ಯಾರೆನ್ ಪೋರ್ಟರ್ ಇದನ್ನು 1976ರಲ್ಲಿ ತೋರಿಸಿಕೊಟ್ಟರು. ನನಗೆ ಇದು ಇವತ್ತಿಗೂ ಬೆರಗು.

ಇದೇ ಕೃಷಿಕರ ಗುಡ್ಡದ ಮೇಲೆ ಒಂದು ಪಳ್ಳ, ಅಂದರೆ ಮಳೆನೀರು ನಿಲ್ಲುವ ತಗ್ಗು, ಇದೆ. ಅಲ್ಲಿ ಕಥೆ ಬೇರೆ. ನೀರು ತಿಳಿ, ಬಿಸಿಲು ಜಾಸ್ತಿ, ಒಳ್ಳೆಯ ಜಾತಿಯ ಪಾಚಿಯೂ ಇದೆ. ಆದರೆ ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ) ಮಣ್ಣಿನಲ್ಲಿರುವ ಕಬ್ಬಿಣವು ರಂಜಕವನ್ನು (ಫಾಸ್ಫರಸ್) ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ರಂಜಕ ಸಿಗದ ಪಾಚಿ ಬಿಸಿಲಲ್ಲಿ ಬರೀ ಇಂಗಾಲ ಕೂಡಿಸಿಕೊಳ್ಳುತ್ತದೆ. ಡಾಫ್ನಿಯಾ ಎಂಬ ನೀರುಚಿಗಟದ ಮೈಯಲ್ಲಿ ಒಂದು ರಂಜಕದ ಪರಮಾಣುವಿಗೆ ಸುಮಾರು 80 ಇಂಗಾಲದ ಪರಮಾಣು. ತಿನ್ನುವ ಪಾಚಿಯಲ್ಲಿ ಆ ಲೆಕ್ಕ ಸುಮಾರು 300 ದಾಟಿದರೆ ಅದರ ಬೆಳವಣಿಗೆ ಕುಗ್ಗುತ್ತದೆ. ಹೆಚ್ಚಾದ ಇಂಗಾಲವನ್ನು ಉಸಿರಲ್ಲಿ ಸುಮ್ನೆ ಹೊರಗೆ ಬಿಡಬೇಕಾಗುತ್ತದೆ. ಮಕ್ಕಳಿಗೆ ದಿನವೂ ಬರೀ ಗಂಜಿನೀರು ಕೊಟ್ಟ ಹಾಗೆ.

ಹಾಗಾದರೆ ಮದಕಕ್ಕೆ ಏನಾಗಿತ್ತು? ಅಲ್ಲಿ ರಂಜಕ ಬೇಕಾದ್ದಕ್ಕಿಂತ ಜಾಸ್ತಿ. ದನದ ಹಟ್ಟಿ ತೊಳೆದ ನೀರು ಮತ್ತು ಗೋಬರ್ ಗ್ಯಾಸಿನ ಸ್ಲರಿ ಎರಡೂ ನೇರ ಅಲ್ಲಿಗೇ ಹೋಗುತ್ತಿದ್ದವು. ಬಿಸಿಯಾದ, ಅಲುಗಾಡದ, ಗೊಬ್ಬರ ತುಂಬಿದ ನೀರೆಂದರೆ ನೀಲಿ-ಹಸಿರು ಪಾಚಿಗೆ ಬಲು ಇಷ್ಟ.

ಪರೀಕ್ಷೆಗೆ ಸೂಕ್ಷ್ಮದರ್ಶಕವೇ ಬೇಕೆಂದಿಲ್ಲ. ಗಾಜಿನ ಬಾಟ್ಲಿಯಲ್ಲಿ ಕೆರೆ ನೀರು ತುಂಬಿ ಅಲುಗಾಡಿಸದೆ ಒಂದೆರಡು ಗಂಟೆ ಇಡಿ. ಹಸಿರೆಲ್ಲ ಮೇಲೆ ಬಂದು ಕೆನೆಗಟ್ಟಿದರೆ ಸಾಮಾನ್ಯವಾಗಿ ಅದು ನೀಲಿ-ಹಸಿರು ಪಾಚಿ. ಅದರ ಜೀವಕೋಶದಲ್ಲಿ ಗಾಳಿಯ ಸಣ್ಣ ಚೀಲಗಳಿವೆ, ಹಾಗಾಗಿ ತೇಲುತ್ತದೆ. ಅಂಥ ನೀರನ್ನು ದಯವಿಟ್ಟು ದನಗಳಿಗೆ ಕುಡಿಸಬೇಡಿ. ಮೈಕ್ರೋಸಿಸ್ಟಿಸ್‌ನ ವಿಷ ನೇರ ಯಕೃತ್ತಿಗೇ ಹೊಡೆಯುತ್ತದೆ.

"ಸ್ಲರಿಯನ್ನು ತೋಟಕ್ಕೆ ಬಿಡಿ ಭಾವ, ಸುರಂಗದ ನೀರನ್ನು ಮದಕಕ್ಕೆ ತಿರುಗಿಸಿ" ಎಂದೆ. ಸುರಂಗ ಅಂದರೆ ನೀರಿಗಾಗಿ ಗುಡ್ಡದೊಳಗೆ ಅಡ್ಡಲಾಗಿ ಕೊರೆದ ಬಾವಿ. ಗುಡ್ಡದೊಳಗಿನ ನೀರಿನಲ್ಲಿ ಸಿಲಿಕಾ ಕರಗಿರುತ್ತದೆ, ಡಯಾಟಮ್ ತನ್ನ ಚಿಪ್ಪು ಕಟ್ಟುವುದು ಅದರಿಂದಲೇ. ಅವರು ಹಾಗೇ ಮಾಡಿದರು. ಜೂನಿನ ಮಳೆ ಹಳೆಯ ಪಾಚಿಯನ್ನು ತೊಳೆದದ್ದೂ ನೆರವಾಯಿತು. ಆಗಸ್ಟಿನಲ್ಲಿ ಮತ್ತೆ ಬಲೆ ಎಳೆದಾಗ ನೀರು ತುಸು ಕಂದು ಬಣ್ಣಕ್ಕೆ ತಿರುಗಿತ್ತು, ಡಯಾಟಮ್‌ನ ಬಣ್ಣ ಅದು. ನೀರುಚಿಗಟಗಳ ಬೆನ್ನಲ್ಲಿ ಮೊಟ್ಟೆ ಎಂಟೊಂಬತ್ತು ಇದ್ದವು, ಅವರಿಗೂ ತೋರಿಸಿದೆ. ಮುಂದಿನ ಬೇಸಿಗೆಯನ್ನು ನೋಡಬೇಕು. ಮಾರ್ಚಿನಿಂದ ವಾರಕ್ಕೊಮ್ಮೆ ಬಾಟ್ಲಿ ಇಡಲು ಹೇಳಿದ್ದೇನೆ.