ಗಾಳಿ ಕೆಟ್ಟಾಗ ತಪ್ಪುವ ಎದೆಯ ತಾಳ

ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ನೋಡಿದರೆ, ಆರೋಗ್ಯವಂತರಲ್ಲಿ ಬಡಿತಗಳು ಹೆಚ್ಚುಕಡಿಮೆ ಸಮನಾದ ಅಂತರದಲ್ಲಿ ಬೆರಳಿಗೆ ತಾಗುತ್ತವೆ. ಎಟ್ರಿಯಲ್ ಫಿಬ್ರಿಲೇಷನ್ ಎಂಬ ಲಯದೋಷ ಇರುವವರಲ್ಲಿ ಎರಡು ಬಡಿತಗಳು ಬೆನ್ನಿಗೆ ಬೆನ್ನು ಹತ್ತಿ ಬಂದು, ಮೂರನೆಯದು ತಡವಾಗಿ, ನಾಲ್ಕನೆಯದು ಕೈಗೆ ಸಿಗದಷ್ಟು ಕ್ಷೀಣವಾಗಿರಬಹುದು. ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳು ನಿಮಿಷಕ್ಕೆ 350ಕ್ಕೂ ಹೆಚ್ಚು ಸಲ ಅಡ್ಡಾದಿಡ್ಡಿಯಾಗಿ ಅದುರುವುದರಿಂದ ಎಡ ಹೃತ್ಕರ್ಣದ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುವ ಸಂಭವವಿದೆ. ಆ ಹೆಪ್ಪು ಮಿದುಳಿಗೆ ಸಾಗಿದರೆ ಪಾರ್ಶ್ವವಾಯು. ಇಂಥ ರೋಗಿಯನ್ನು ಪರೀಕ್ಷಿಸುವಾಗ ರಕ್ತದೊತ್ತಡ, ಥೈರಾಯ್ಡ್, ಮದ್ಯಪಾನದ ಬಗ್ಗೆ ವಿಚಾರಿಸುವುದು ರೂಢಿ. ಹಿಂದಿನ ದಿನ ಅವರು ಉಸಿರಾಡಿದ ಗಾಳಿ ಎಂಥದ್ದು ಎಂದೂ ವಿಚಾರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಏಕೆಂದರೆ ಕೆಟ್ಟ ಗಾಳಿಗೂ ಹೃದಯದ ಲಯ ತಪ್ಪುವುದಕ್ಕೂ ನಂಟಿದೆ ಎನ್ನಲು ಗಂಟೆ, ನಿಮಿಷಗಳ ಲೆಕ್ಕವಿರುವ ಸಾಕ್ಷ್ಯವಿದೆ. ಎದೆಯ ಚರ್ಮದಡಿ ಅಳವಡಿಸುವ ಡಿಫಿಬ್ರಿಲೇಟರ್, ಲಯ ಅಪಾಯಕರವಾಗಿ ತಪ್ಪಿದಾಗ ಅದನ್ನು ಸರಿಪಡಿಸುವುದಲ್ಲದೆ ಆ ಹೊತ್ತನ್ನೂ ದಾಖಲಿಸಿಕೊಳ್ಳುತ್ತದೆ. ಅಮೆರಿಕದ ಬಾಸ್ಟನ್ ಪ್ರದೇಶದ 100 ರೋಗಿಗಳ ಇಂಥ ದಾಖಲೆಗಳನ್ನು ಅಲ್ಲಿನ ವಾಯುಮಾಲಿನ್ಯದ ದೈನಂದಿನ ಅಳತೆಗಳ ಪಕ್ಕದಲ್ಲಿಟ್ಟು ನೋಡಿದ, 2000ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಾಹನಗಳ ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ಏರಿದ ನಂತರದ ದಿನಗಳಲ್ಲಿ ಉಪಕರಣಗಳು ಕೆಲಸಕ್ಕಿಳಿದ ಪ್ರಸಂಗಗಳೂ ಹೆಚ್ಚಿದ್ದು ಕಂಡುಬಂತು.

ಕೆಟ್ಟ ಗಾಳಿಯಲ್ಲಿ ತೇಲುವ ಪಿಎಂ 2.5 ಎನ್ನುವ ಕಣಗಳ ಅಗಲ 2.5 ಮೈಕ್ರೋಮೀಟರಿಗಿಂತ ಹೆಚ್ಚಿಲ್ಲ, ಅಂದರೆ ತಲೆಗೂದಲ ದಪ್ಪದ ಸುಮಾರು ಇಪ್ಪತ್ತರಲ್ಲೊಂದು ಪಾಲು. ಮೂಗು, ಗಂಟಲುಗಳ ಕಾವಲನ್ನು ದಾಟಿ ಶ್ವಾಸಕೋಶದ ಗಾಳಿಗೂಡುಗಳನ್ನು ತಲುಪುವ ಇವು ಅಲ್ಲಿನ ನರತುದಿಗಳನ್ನು ಕೆರಳಿಸುತ್ತವೆ; ಆಗ ಹೃದಯವನ್ನು ನಿಧಾನಗೊಳಿಸುವ ವೇಗಸ್ ನರದ ಹಿಡಿತ ಸಡಿಲಾಗಿ, ಅದನ್ನು ಓಡಿಸುವ ನರಗಳ ಕೈ ಮೇಲಾಗುತ್ತದೆ. ಇದಕ್ಕೆ ಕೆಲವೇ ಗಂಟೆ ಸಾಕು. ಜೊತೆಗೆ ಶ್ವಾಸಕೋಶದಲ್ಲಿ ಹುಟ್ಟಿದ ಉರಿಯೂತ ರಕ್ತದ ಮೂಲಕ ಹಬ್ಬುತ್ತದೆ, ಅತಿಸೂಕ್ಷ್ಮ ಕಣಗಳು ಸ್ವತಃ ರಕ್ತಕ್ಕಿಳಿಯುತ್ತವೆ. ಒಂದು ಘನಮೀಟರ್ ಗಾಳಿಯಲ್ಲಿ ಪಿಎಂ 2.5ರ ದಿನದ ಸರಾಸರಿ 15 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಸುಮ್ಮನೆ ಅಲ್ಲ.

ಹವೆಯ ಪಾತ್ರ ಬೇರೆ. ಚಳಿಗೆ ರಕ್ತನಾಳಗಳು ಕುಗ್ಗಿ ಒತ್ತಡ ಏರುತ್ತದೆ, ಹೃತ್ಕರ್ಣದ ಗೋಡೆ ಹಿಗ್ಗುತ್ತದೆ. ಹಿಗ್ಗಿದ ಸ್ನಾಯುವಿನಲ್ಲಿ ವಿದ್ಯುತ್ ಸಂಕೇತಗಳು ದಾರಿ ತಪ್ಪುವುದು ಸುಲಭ. ಚಳಿಗಾಲದಲ್ಲಿ ನೆಲದ ತಣ್ಣನೆಯ ಗಾಳಿಯ ಮೇಲೆ ಬೆಚ್ಚಗಿನ ಪದರ ಮುಚ್ಚಳದಂತೆ ಕೂತು ಹೊಗೆಯನ್ನು ಕೆಳಗೇ ಹಿಡಿದಿಡುವುದೂ ಉಂಟು. 1952ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಐದು ದಿನ ಹೀಗಾದಾಗ, ಮೊದಲ ಅಂದಾಜಿನಂತೆಯೇ ಸುಮಾರು 4,000 ಜನ ಸತ್ತರು. ಸೆಕೆಯಲ್ಲಿ ಬೆವರಿನೊಂದಿಗೆ ನೀರೂ ಲವಣಗಳೂ ಹೋಗುತ್ತವೆ. ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಲ್ಲಿ ಪೊಟ್ಯಾಸಿಯಂ ತೀರ ಇಳಿದರೆ ಲಯ ಕೆಡಬಹುದು. ಹಾಗೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ವೈದ್ಯರನ್ನು ಕೇಳಬೇಕು.

ಎದೆ ಡವಗುಟ್ಟಿದ ದಿನ ಮತ್ತು ಹೊತ್ತನ್ನು, ಪಕ್ಕದಲ್ಲೇ ಆ ದಿನದ ತಾಪಮಾನ ಮತ್ತು ವಾಯು ಗುಣಮಟ್ಟ ಸೂಚ್ಯಂಕವನ್ನು ಬರೆದಿಟ್ಟು ತೋರಿಸಿದರೆ, ಇಸಿಜಿ ತೆಗೆದ ಆ ಕೆಲವು ಸೆಕೆಂಡುಗಳಲ್ಲಿ ಸಿಕ್ಕಿಬೀಳದ ಸುಳಿವು ಆ ಹಾಳೆಯಲ್ಲಿ ವೈದ್ಯರಿಗೆ ಸಿಗಬಹುದು.