ಪಟ್ಟಿಯಲ್ಲಿ ಹೆಸರಿದ್ದರೂ ಕ್ರೀಕರ ಜಮೀನು ಹೋಗಿದ್ದು ಹೇಗೆ?

ಪ್ರಶ್ನೆ: 1832ರಲ್ಲಿ ಅಮೆರಿಕ ಸರ್ಕಾರವೇ ಕ್ರೀಕ್ ಕುಟುಂಬಗಳನ್ನು ಎಣಿಸಿ ಬರೆದುಕೊಂಡಿತ್ತಂತೆ. ದಾಖಲೆ ಇದ್ದ ಮೇಲೂ ಅವರ ಜಮೀನು ಕೈತಪ್ಪಿದ್ದು ಹೇಗೆ?

ಆ ದಾಖಲೆ ಹಿಡಿದುಕೊಂಡೇ ಕಿತ್ತುಕೊಂಡರು.

ಕ್ರೀಕರು, ಅಂದರೆ ಅಮೆರಿಕದ ಮೂಲನಿವಾಸಿಗಳಾದ ಮಸ್ಕೋಗಿ ಜನ, ಆಗ ಅಲಬಾಮಾದಲ್ಲಿದ್ದರು. ಭೂಮಿ ಎಲ್ಲರದ್ದು. ಮನೆ, ಹೊಲ ತಾಯಿಯ ಕಡೆಯವು. ಅಮೆರಿಕ ಸರ್ಕಾರದ ಜೊತೆಗಿನ 1832ರ ಮಾರ್ಚ್ ಒಪ್ಪಂದ ಈ ಭೂಮಿಯನ್ನು ತುಂಡು ಮಾಡಿತು: 90 ಮುಖಂಡರಿಗೆ ತಲಾ 640 ಎಕರೆ, ಉಳಿದ ಪ್ರತಿ ಮನೆಯ ಯಜಮಾನರಿಗೆ 320 ಎಕರೆ. ಕೊಡುವುದು ಯಾರಿಗೆ ಅಂತ ಗೊತ್ತಾಗಬೇಕಲ್ವಾ? ಅದಕ್ಕೇ ಈ ಗಣತಿ. ಬೆಂಜಮಿನ್ ಪಾರ್ಸನ್ಸ್ ಮತ್ತು ಥಾಮಸ್ ಆಬಟ್ ಊರೂರಿನ ಲೆಕ್ಕ ಬರೆದರು. ಒಟ್ಟು 22,000ಕ್ಕೂ ಜಾಸ್ತಿ ಜನ.

ಆ ಪುಟದ ಒಂದು ಸಾಲು ನೋಡಿ. ಯಜಮಾನರ ಹೆಸರು. ಗಂಡಸರು ಎಷ್ಟು, ಹೆಂಗಸರು ಎಷ್ಟು, ಗುಲಾಮರು ಎಷ್ಟು. ಮುಗಿಯಿತು. ಹೆಂಡತಿ ಮಕ್ಕಳ ಹೆಸರಿಲ್ಲ, ವಯಸ್ಸಿಲ್ಲ. ಕೆಲವು ಕ್ರೀಕ್ ಮನೆಗಳಲ್ಲಿ ದುಡಿಯುತ್ತಿದ್ದ ಕಪ್ಪು ಗುಲಾಮರು ಅಲ್ಲಿ ಬರೀ ಅಂಕಿ. ನನಗೆ ಹೆಚ್ಚು ಸಂಕಟ ತರುವುದು ಈ ಕೊನೆಯ ಕಾಲಂ.

ಇನ್ನು ಹೆಸರುಗಳು. ಹಾರ್ಜೋ, ಫಿಕ್ಸಿಕೋ, ಎಮಾತ್ಲಾ, ಯಹೋಲಾ ಇವೆಲ್ಲ ಗಂಡಸರಿಗೆ ಸಿಗುತ್ತಿದ್ದ ಬಿರುದುಗಳು. ಊರೂರಲ್ಲೂ ಅವೇ ಮತ್ತೆ ಮತ್ತೆ ಬರುತ್ತವೆ. ಬರೆದವರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಗೀಚಿದರು.

ಜಮೀನು ದಲ್ಲಾಳಿಗಳಿಗೆ ಇದಕ್ಕಿಂತ ಅನುಕೂಲ ಬೇಕೇ? ಯಾರನ್ನೋ ಕರೆತಂದು ‘ಇವನೇ ಆ ಹೆಸರಿನವನು’ ಅನ್ನುವುದು. ಅಧಿಕಾರಿಯ ಎದುರು ಕಾಗದಕ್ಕೆ ಗುರುತು ಹಾಕಿಸಿ ಹಣ ಎಣಿಸುವುದು. ಹೊರಗೆ ಬಂದ ಕೂಡಲೇ ಅವನ ಕೈಗೆ ಒಂದಿಷ್ಟು ಚಿಲ್ಲರೆ ಕೊಟ್ಟು ಉಳಿದದ್ದನ್ನು ವಾಪಸ್ ಕಸಿಯುವುದು. ನಿಜವಾದ ಒಡೆಯನಿಗೆ ತನ್ನ ಹೊಲ ಮಾರಾಟವಾದದ್ದೇ ಗೊತ್ತಿರುತ್ತಿರಲಿಲ್ಲ. 1835ರ ಹೊತ್ತಿಗೆ ಈ ಮೋಸ ಎಷ್ಟು ಹೆಚ್ಚಿತೆಂದರೆ ಸರ್ಕಾರ ತನಿಖೆಗೆ ಇಳಿಯಬೇಕಾಯಿತು. ಅದು ಮುಗಿಯುವ ಮುನ್ನವೇ, 1836ರಲ್ಲಿ, ಕೆಲವು ಕ್ರೀಕರಿಗೂ ಬಿಳಿಯರಿಗೂ ಯುದ್ಧ ಶುರುವಾಯಿತು. ಅದೇ ನೆಪ ಮಾಡಿ ಸೈನ್ಯ ಕ್ರೀಕರನ್ನು ಪಶ್ಚಿಮಕ್ಕೆ, ಈಗಿನ ಓಕ್ಲಹೋಮಾ ಕಡೆಗೆ, ಅಟ್ಟಿತು. ಕೆಲವರನ್ನು ಸರಪಳಿ ಹಾಕಿ ನಡೆಸಿದರು.

ಆ ಪಟ್ಟಿಯಲ್ಲಿರುವ ಒಂದು ಊರು ಲೊಚಪೋಕ. ಅಲ್ಲಿಯ ಜನ ತಮ್ಮೂರಿನ ಬೆಂಕಿಯ ಕೆಂಡವನ್ನು ದಾರಿಯುದ್ದಕ್ಕೂ ಕಾಪಾಡಿಕೊಂಡು ಬಂದು, ಒಂದು ಓಕ್ ಮರದ ಬಳಿ ಮತ್ತೆ ಹೊತ್ತಿಸಿದರು ಅಂತ ಮಸ್ಕೋಗಿಗಳು ಹೇಳುತ್ತಾರೆ. ಓಕ್ಲಹೋಮಾದ ಟಲ್ಸಾ ನಗರ ಬೆಳೆದದ್ದು ಆ ಜಾಗದ ಸುತ್ತ. ಮರ ಈಗಲೂ ಇದೆ.